ಚಾಲಗೇಣಿ, ಮೂಲಗೇಣಿ ಮತ್ತು ಎರಡು ತೋರುಬೆರಳು

ಮೊನ್ನೆ ಅರ್ಧ ದಿನ ರಜೆ ಹಾಕಿ ಇಲ್ಲಿನ, ಅಂದರೆ ಜರ್ಮನಿಯ, ವಿದೇಶಿಯರ ಕಚೇರಿಗೆ ಹೋಗಿದ್ದೆ. ಖಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಲು. ನಮ್ಮ ಹುಡುಗರ ಭಾಷೆಯಲ್ಲಿ ಹೇಳುವುದಾದರೆ ಪಿ.ಆರ್. ಮಾಡಿಸಲು. ಕಾಗದಗಳನ್ನು ಮೊದಲೇ ಕಳಿಸಿಯಾಗಿತ್ತು. ಆದರೂ ಒಮ್ಮೆ ಖುದ್ದಾಗಿ ಹಾಜರಾಗಲೇಬೇಕು. ಹಾಗಾಗಿ ಸಂಬಳದ ಚೀಟಿಗಳು, ಪಿಂಚಣಿಗೆ ಕಟ್ಟಿದ ಹಣದ ಲೆಕ್ಕ, ಬಾಡಿಗೆ ಮನೆಯ ಕರಾರು, ಕಂಪನಿಯ ಪತ್ರ, ಮಣಿಪಾಲದ ಡಿಗ್ರಿ ಸರ್ಟಿಫಿಕೇಟು, ಭಾಷಾ ಪರೀಕ್ಷೆ ಪಾಸಾದ ಕಾಗದ ಎಲ್ಲವನ್ನೂ ಒಂದು ದಪ್ಪ ಫೈಲಿಗೆ ತುಂಬಿಕೊಂಡು ನನ್ನ ನಂಬರ್ ಬರುವುದನ್ನೇ ಕಾಯುತ್ತ ಕೂತಿದ್ದೆ.

ಸಂಜೆ ಕಾರ್ಕಳದ ಹತ್ತಿರದ ನಮ್ಮ ಮನೆಗೆ ಫೋನ್ ಮಾಡಿದಾಗ ಅಜ್ಜಿ ಕೇಳಿದರು, "ಇವತ್ತು ಎಂತಕ್ಕೆ ರಜೆ?" (ಅಜ್ಜಿ ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಹೇಗೆ ವಿವರಿಸುವುದೆಂದು ತಿಳಿಯಲಿಲ್ಲ. "ಇಷ್ಟು ದಿನ ಇಲ್ಲಿ ಇರುವುದಕ್ಕೆ ವಾಯಿದೆ ಇತ್ತು ಅಜ್ಜಿ. ಕೆಲಸ ಹೋದರೆ ನಾನೂ ಹೋಗಬೇಕಾಗುತ್ತಿತ್ತು. ಈಗ ಯಾರೂ ಹೋಗು ಅನ್ನಬಾರದು, ಹಾಗೊಂದು ಕಾಗದ ಕೇಳಿದ್ದೇನೆ" ಅಂದೆ.

"ಹೋ... ಇಷ್ಟು ದಿನ ಚಾಲಗೇಣಿ, ಇನ್ನು ಮೂಲಗೇಣಿ" ಅಂದರು ಅಜ್ಜಿ.

ನಾನು ವಾರಗಟ್ಟಲೆ ಕಾನೂನಿನ ಪುಟಗಳನ್ನು ಓದಿ ಅರ್ಥ ಮಾಡಿಕೊಂಡದ್ದನ್ನು ಅಜ್ಜಿ ಒಂದೇ ಸಾಲಿನಲ್ಲಿ ಮುಗಿಸಿದರು! ಆ ಮಾತು ತಲೆಯಲ್ಲಿ ಸುತ್ತುತ್ತಲೇ ಇದೆ. ಅದನ್ನೇ ಹಿಡಿದುಕೊಂಡು ಒಂದಿಷ್ಟು ಹಳೆಯ ಕತೆ ಬರೆಯುತ್ತಿದ್ದೇನೆ.

ಘಟ್ಟದ ಮೇಲಿನ ಗೆಳೆಯರಿಗಾಗಿ ಮೊದಲು ಈ ಎರಡು ಪದಗಳ ಅರ್ಥ ಹೇಳಿಬಿಡುತ್ತೇನೆ. ಹಿಂದಿನ ದಕ್ಷಿಣ ಕನ್ನಡದಲ್ಲಿ (ಉಡುಪಿ ಬೇರೆ ಜಿಲ್ಲೆಯಾದದ್ದು 1997ರ ಆಗಸ್ಟ್ 25ರಂದು) ಸರಕಾರಕ್ಕೆ ತೀರ್ವೆ ಕಟ್ಟುವ ಭೂಮಾಲೀಕ ವರ್ಗದಾರ. ಅವನ ಭೂಮಿಯಲ್ಲಿ ದುಡಿಯುವವನು ಒಕ್ಕಲು. ಒಕ್ಕಲಿನವನ ಹಕ್ಕಿನಲ್ಲಿ ಮುಖ್ಯವಾಗಿ ಎರಡು ಬಗೆ. ಮೂಲಗೇಣಿ ಎಂದರೆ ಗೇಣಿ ಇಷ್ಟೇ ಎಂದು ಶಾಶ್ವತವಾಗಿ ಗೊತ್ತು ಮಾಡಿದ್ದು. ಅದನ್ನು ತಪ್ಪದೆ ಕೊಡುವವರೆಗೆ ಏಳಿಸುವಂತಿಲ್ಲ, ಮಕ್ಕಳು ಮೊಮ್ಮಕ್ಕಳಿಗೂ ಹಕ್ಕು ನಡೆಯುತ್ತದೆ. ಚಾಲಗೇಣಿ ಎಂದರೆ ವರ್ಷದಿಂದ ವರ್ಷಕ್ಕೆ ನಡೆಯುವುದು. ಧಣಿಯ ಮನಸ್ಸು ಇದ್ದಷ್ಟು ದಿನ. ನಡುವೆ ಇಷ್ಟು ವರ್ಷಕ್ಕೆ ಎಂದು ಬರೆದುಕೊಟ್ಟ ವಾಯಿದೆ ಗೇಣಿಯೂ ಇತ್ತು. ಉಳುವವನ ಕೆಲಸ ಮೂರರಲ್ಲೂ ಒಂದೇ. ಅದೇ ನೇಗಿಲು, ಅದೇ ಕೆಸರು, ಅದೇ ಮುಡಿ ಅಕ್ಕಿಯ ಲೆಕ್ಕ. ಬೇರೆಯಾಗಿದ್ದದ್ದು ಕಾಗದ ಮಾತ್ರ.

ಚೆನ್ನಾಗಿ ಉಳುತ್ತಾನೆ ಎಂದು ಯಾರಿಗೂ ಮೂಲಗೇಣಿ ತನ್ನಷ್ಟಕ್ಕೆ ಬರುತ್ತಿರಲಿಲ್ಲ ಎನ್ನುವುದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ನಾನು ಇಂದು ಜರ್ಮನಿಯಲ್ಲಿ ಕೂತು ಅರ್ಜಿ ಹಾಕುತ್ತಿದ್ದೇನೆ. ಆದರೆ ಕೆಲಸ ಗೊತ್ತಿದ್ದವರು ಮೊದಲು ಬಂದದ್ದು ಆ ಕಡೆಯಿಂದ ನಮ್ಮ ಕಡೆಗೆ. 1833ರ ಚಾರ್ಟರ್ ಕಾಯಿದೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಸಂಸ್ಥೆ ಸ್ವಿಟ್ಜರ್ಲೆಂಡಿನದಾದರೂ ಬಂದವರಲ್ಲಿ ಹೆಚ್ಚಿನವರು ಜರ್ಮನರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ನಮಗೆಲ್ಲ ಗೊತ್ತು. ನನಗೆ ಇಲ್ಲಿ ಬೇಕಾದವರು ಇನ್ನಿಬ್ಬರು. 1851ರಲ್ಲಿ ಬಂದ ಹಾಲರ್ ನೇಯ್ಗೆ ಬಲ್ಲವರು. ಹೊಸ ಬಗೆಯ ಮಗ್ಗ ತಂದವರು, ಖಾಕಿ ಬಣ್ಣ ರೂಪಿಸಿದವರು ಎಂದು ಹೆಸರಾದವರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಪ್ಲೆಬ್ಸ್ಟ್ ಯಂತ್ರ ತಿಳಿದವರು. 1880ರ ದಶಕದಲ್ಲಿ ಉಡುಪಿಯ ಪಕ್ಕದ ಮಲ್ಪೆಗೂ ಮಿಶನ್ನಿನ ಹೆಂಚಿನ ಕಾರ್ಖಾನೆ ಬಂತು. ಮುಳಿಹುಲ್ಲಿನ ಮಾಡುಗಳ ಜಾಗದಲ್ಲಿ ನಮ್ಮೂರಲ್ಲೆಲ್ಲ ಕೆಂಪು ಹೆಂಚು ಬಂದದ್ದರ ಹಿಂದೆ ಇವರ ಕೈಯಿದೆ. ಇವತ್ತಿನ ವೀಸಾ ಫಾರಂ ತುಂಬಿಸಿದ್ದರೆ ಹಾಲರ್, ಪ್ಲೆಬ್ಸ್ಟ್ ಇಬ್ಬರೂ ಬರೆಯಬೇಕಾಗಿದ್ದದ್ದು 'ಕುಶಲ ವಲಸೆ ಕಾರ್ಮಿಕ' ಎಂದೇ!

ಎಂಬತ್ತು ವರ್ಷ ಹೀಗೆ ನಡೆಯಿತು. ಶಾಲೆ, ಮುದ್ರಣಾಲಯ, ನೇಯ್ಗೆ, ಹೆಂಚು... ಇನ್ನು ಇವರು ಇಲ್ಲಿಯವರೇ ಎಂದು ಯಾರಿಗಾದರೂ ಅನ್ನಿಸಿರಬೇಕು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನ್ ಪ್ರಜೆಗಳೆಲ್ಲ ಬ್ರಿಟಿಷ್ ಸರಕಾರದ ಲೆಕ್ಕದಲ್ಲಿ ಶತ್ರುಗಳಾದರು. ಮಿಶನ್ನಿನ ಜರ್ಮನರನ್ನು ಬಂಧನದಲ್ಲಿಟ್ಟರು, ಅಹಮದ್‌ನಗರದ ಶಿಬಿರಕ್ಕೆ ಒಯ್ದರು, ಆಮೇಲೆ ಹಡಗು ಹತ್ತಿಸಿ ಕಳಿಸಿದರು. ಮಿಶನ್ನಿನ ಕಾರ್ಖಾನೆಗಳು ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಅಷ್ಟಾದ ಮೇಲೆ 1923ರಲ್ಲಿ ಉಡುಪಿಯಲ್ಲಿ ಮಿಶನ್ ಆಸ್ಪತ್ರೆ ಶುರುಮಾಡಿದ ಡಾ. ಈವಾ ಲೊಂಬಾರ್ಡ್ ಸ್ವಿಸ್ ದೇಶದವರು. ಇಂದಿಗೂ ಆ ಆಸ್ಪತ್ರೆಗೆ ಅವರದೇ ಹೆಸರು. ಒಂದೇ ಮಿಶನ್. ಒಬ್ಬರನ್ನು ಹೊರಗೆ ಹಾಕಿದ್ದೂ ಇನ್ನೊಬ್ಬರು ಒಳಗೆ ಬಂದದ್ದೂ ಕೆಲಸ ನೋಡಿ ಅಲ್ಲ. ಎಂಬತ್ತು ವರ್ಷ ಇದ್ದರೂ ಜರ್ಮನರದ್ದು ಚಾಲಗೇಣಿಯೇ ಆಗಿತ್ತು. ಅದು ಅವರಿಗೆ ತಿಳಿದದ್ದು 1914ರಲ್ಲಿ.

ಇನ್ನು ನಾವು ಹೊರಟ ಕತೆ. ಉಡುಪಿ ಸೀಮೆಯವರು ಮೊದಲು ಹೊರಟದ್ದು ಹೊಟೇಲಿಗೆ. ಮದರಾಸಿಗೆ, ಬೊಂಬಾಯಿಗೆ. ಕಾರ್ಕಳ ಕಡೆಯ ಕಡಂದಲೆಯಲ್ಲಿ ಹುಟ್ಟಿದ ಕೆ. ಕೃಷ್ಣರಾಯರು ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಒಂದೇ ದೇಶದೊಳಗಿನ ಪ್ರಯಾಣವಾದ್ದರಿಂದ ಪರವಾನಗಿ ಬೇಕಿರಲಿಲ್ಲ. ಆದರೆ ಆ ಕಾಲದ ಕಾನೂನಿನಲ್ಲಿ ಒಂದು ಸ್ವಾರಸ್ಯ ಇದೆ. ಭಾರತದಿಂದ ಹೊರದೇಶಕ್ಕೆ ಕೆಲಸಕ್ಕೆ ಹೋಗುವವರಿಗಾಗಿ 1922ರಲ್ಲಿ ಮಾಡಿದ ವಲಸೆ ಕಾಯಿದೆ 'ಕುಶಲ ಕೆಲಸ' ಎಂದರೆ ಏನು ಎಂದು ಪಟ್ಟಿ ಕೊಟ್ಟಿತ್ತು. ಕುಶಲಕರ್ಮಿ, ಗುಮಾಸ್ತ, ಅಂಗಡಿಯ ಸಹಾಯಕ ಇವರ ಜೊತೆಗೆ ಹೊಟೇಲು, ಚಹಾದಂಗಡಿಗಳಲ್ಲಿ ಕೆಲಸ ಮಾಡುವವನೂ, ಮನೆಗೆಲಸದವನೂ ಆ ಪಟ್ಟಿಯಲ್ಲಿದ್ದರು. ಅಂದರೆ ನೂರು ವರ್ಷದ ಹಿಂದೆ ದೋಸೆ ಹೊಯ್ಯುವವನು ಕಾನೂನಿನ ಕಣ್ಣಿನಲ್ಲಿ ಕುಶಲ ಕೆಲಸಗಾರ. ಇಂದು ನನಗೆ ಸಿಕ್ಕಿರುವ ಬ್ಲೂ ಕಾರ್ಡ್ ಅವನಿಗೆ ಸಿಗುವುದಿಲ್ಲ. ನಾನು ಹೊಯ್ಯುವ ದೋಸೆ ನೋಡಿದವರು ಯಾರು ಕುಶಲಿ ಎಂದು ನೀವೇ ಹೇಳಿಯಾರು :)

ತಮಾಷೆ ಬಿಡಿ. ಕೌಶಲ ಎನ್ನುವುದು ಕೈಯಲ್ಲಿ ಇರುತ್ತದೆ ಅಂದುಕೊಂಡಿದ್ದೆ. ಅದು ಪಟ್ಟಿಯಲ್ಲೂ ಇರಬೇಕು, ಪಟ್ಟಿ ಆಗಾಗ ಬದಲಾಗುತ್ತದೆ.

ಈಗ ನಮ್ಮ ಮನೆಯ ಕತೆಗೆ ಬರುತ್ತೇನೆ. ನನ್ನ ಅಜ್ಜ ಚಾಲಗೇಣಿ ಒಕ್ಕಲು. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರಕಾರ ದೊಡ್ಡ ತಿದ್ದುಪಡಿ ತಂದು, ಅದು 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಯ ಭೂಮಿಯೆಲ್ಲ ಸರಕಾರದ್ದಾಯಿತು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿ, ತಾನೇ ಗೇಣಿದಾರನೆಂದು ತೋರಿಸಿದರೆ ಅಧಿಭೋಗದ ಹಕ್ಕು ಅವನಿಗೆ. ನಮ್ಮ ಕಡೆ ಇದನ್ನು ಯಾರೂ ನಮೂನೆ 7 ಎನ್ನುವುದಿಲ್ಲ. "ಡಿಕ್ಲರೇಶನ್ ಕೊಟ್ಟದ್ದು" ಎಂದೇ ಹೇಳುವುದು. ಕೊನೆಯ ದಿನಾಂಕ ಮುಂದೆ ಮುಂದೆ ಹೋಗಿ ಕಡೆಗೆ 1979ರ ಜೂನ್ 30ಕ್ಕೆ ನಿಂತಿತು.

ತಾಲೂಕಿಗೊಂದು ಭೂ ನ್ಯಾಯಮಂಡಳಿ. ಅಲ್ಲಿ ವಕೀಲರು ಬರುವಂತಿಲ್ಲ ಎಂದು ಆ ಕಾಯಿದೆಯ 48ನೇ ಸೆಕ್ಷನ್ ಹೇಳಿತ್ತು. (ಈ ನಿಷೇಧವನ್ನು ಸುಪ್ರೀಂ ಕೋರ್ಟು 1987ರಲ್ಲಿ ತೆಗೆದುಹಾಕಿತು.) ದುಡ್ಡಿದ್ದ ಧಣಿ ದೊಡ್ಡ ವಕೀಲನನ್ನು ತಂದು ಬಡ ಒಕ್ಕಲಿನ ಬಾಯಿ ಮುಚ್ಚಿಸಬಾರದು ಎನ್ನುವುದು ಉದ್ದೇಶ. ಆದರೆ ಅದರಿಂದ ಇನ್ನೊಂದಾಯಿತು. ಜೀವಮಾನವಿಡೀ ಧಣಿಯ ಎದುರು ತಲೆಯ ಮುಂಡಾಸು ತೆಗೆದು, ಸೊಂಟ ಬಗ್ಗಿಸಿ ನಿಂತ ಮನುಷ್ಯ ಅದೇ ಧಣಿಯ ಎದುರಿಗೆ ತಾನೇ ನಿಂತು ಹೇಳಬೇಕು: ಈ ಭೂಮಿ ಉಳುವವನು ನಾನು.

ಅಜ್ಜನ ಹತ್ತಿರ ಗೇಣಿಚೀಟಿ ಇರಲಿಲ್ಲ. ಬಾಯಿಮಾತಿನ ಗೇಣಿ. ಕೆಲವು ವರ್ಷದ ರಶೀದಿ ಮಾತ್ರ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟದ್ದು ಇತ್ತು. ಕಾರ್ಕಳಕ್ಕೆ ಮೂರು ಸಲ ನಡೆದುಕೊಂಡೇ ಹೋದರಂತೆ. ಮೂರನೆಯ ಸಲ ಕರೆದು ಕೇಳಿದರಂತೆ, ಗದ್ದೆಗಳು ಯಾವುವು, ಗಡಿ ಎಲ್ಲಿ, ನೀರು ಎಲ್ಲಿಂದ. ಅಜ್ಜ ಬೈಲುಗದ್ದೆ ಇಷ್ಟು, ಮಜಲು ಇಷ್ಟು, ಬೆಟ್ಟು ಇಷ್ಟು, ಯಾವ ಕಂಡಕ್ಕೆ ಯಾವ ಕಟ್ಟದ ನೀರು, ಯಾವ ಹುಣಿ ಯಾವ ಮಳೆಗಾಲದಲ್ಲಿ ಕುಸಿದದ್ದು ಎಂದೆಲ್ಲ ಶುರುಮಾಡಿ ನಿಲ್ಲಿಸಲೇ ಇಲ್ಲವಂತೆ. ಸಾಕು ಎಂದು ಅವರೇ ಹೇಳಬೇಕಾಯಿತು ಎಂದು ಅಜ್ಜಿ ಈಗಲೂ ನಗುತ್ತಾರೆ. ಅಜ್ಜನಿಗೆ ಸಹಿ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿದರು.

ಡಿಕ್ಲರೇಶನ್ ಎಲ್ಲರಿಗೂ ಸುಖ ಕೊಡಲಿಲ್ಲ. ಗೇಣಿಯನ್ನೇ ನಂಬಿ ಬದುಕಿದ್ದ ಸಣ್ಣ ಒಡೆಯರು, ಗಂಡನಿಲ್ಲದ ಹೆಂಗಸರು ಕಳೆದುಕೊಂಡರು. ಧಣಿಯ ಮುಖ ನೋಡಿ ಅರ್ಜಿಯನ್ನೇ ಹಾಕದ ಒಕ್ಕಲುಗಳೂ ಇದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಕೂಲಿ ಮಾಡುತ್ತಿದ್ದವರಿಗೆ ನಮೂನೆ 7 ಇರಲೇ ಇಲ್ಲ. ಕಾಯಿದೆಯ 38ನೇ ಸೆಕ್ಷನ್ ಅವರಿಗೆ ಕೊಟ್ಟದ್ದು ವಾಸದ ಮನೆ ಇದ್ದ ಜಾಗದ ಹಕ್ಕನ್ನಷ್ಟೇ. ನಮ್ಮ ಗದ್ದೆಯಲ್ಲಿ ನೇಜಿ ನೆಡಲು ಬರುತ್ತಿದ್ದ ಹೆಂಗಸರ ಕೈಚಳಕ ನಾನೇ ಸಣ್ಣವನಿದ್ದಾಗ ನೋಡಿದ್ದೇನೆ. ಹಗ್ಗ ಹಿಡಿಯದೆ ಸಾಲು ನೇರ ಬರುತ್ತಿತ್ತು. ಅವರು ಅಜ್ಜನಿಗಿಂತ ಹೆಚ್ಚು ಹೊತ್ತು ಆ ಕೆಸರಿನಲ್ಲಿದ್ದವರು. 'ಉಳುವವನೇ ಹೊಲದೊಡೆಯ' ಎಂದಾಗ ನೆಡುವವಳು ಪಟ್ಟಿಯಲ್ಲಿ ಬರಲಿಲ್ಲ. ನಮ್ಮ ಮನೆಗೆ ಬಂದ ನ್ಯಾಯ ಅವರ ಮನೆಗೆ ಅಷ್ಟೇ ಆಗಿ ಬರಲಿಲ್ಲ ಎನ್ನುವುದನ್ನು ಬರೆಯದೆ ಈ ಕತೆ ಮುಗಿಸಿದರೆ ತಪ್ಪಾಗುತ್ತದೆ.

ಅಜ್ಜ ಕಾರ್ಕಳಕ್ಕೆ ನಡೆಯುತ್ತಿದ್ದ ಅದೇ ವರ್ಷಗಳಲ್ಲಿ ಕರಾವಳಿಯ ಹುಡುಗರು ಕೊಲ್ಲಿ ದೇಶಗಳಿಗೆ ಹೊರಟರು. ಕಾಪುವಿನ ಬಿ.ಆರ್. ಶೆಟ್ಟರು ಅಬುಧಾಬಿಗೆ ಹೋದದ್ದು 1973ರಲ್ಲಿ. ಔಷಧ ಶಾಸ್ತ್ರ ಓದಿದ್ದ ಅವರು 1975ರಲ್ಲಿ ಅಲ್ಲಿ ಎನ್‌ಎಂಸಿ ಆಸ್ಪತ್ರೆ ಸಂಸ್ಥೆ ಕಟ್ಟಿದರು. 2012ರಲ್ಲಿ ಅದು ಲಂಡನ್ ಷೇರುಪೇಟೆಗೆ ಹೋಯಿತು, 2020ರಲ್ಲಿ ಕುಸಿಯಿತು. ಅದು ಬೇರೆಯೇ ಕತೆ. ಅಷ್ಟೆಲ್ಲ ಎತ್ತರಕ್ಕೆ ಹೋಗದ ಸಾವಿರಾರು ಜನರ ಪೈಕಿ ಕಾಪುವಿನ ನನ್ನ ಸೋದರಮಾವನೂ ಒಬ್ಬರು. ವೆಲ್ಡಿಂಗ್ ಕೆಲಸ. ದುಬೈಯಲ್ಲಿ ಇಪ್ಪತ್ತೆಂಟು ವರ್ಷ. ವೀಸಾ ಕೆಲಸ ಕೊಟ್ಟವನ ಹೆಸರಿನಲ್ಲಿ, ಎರಡು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಮುದ್ರೆ. ಎಷ್ಟು ವರ್ಷವಾದರೂ ಖಾಯಂ ಎನ್ನುವ ಮಾತಿಲ್ಲ, ಅದಕ್ಕೊಂದು ಕಿಟಕಿಯೇ ಇರಲಿಲ್ಲ. 2019ರಿಂದ ಅಲ್ಲಿ ಗೋಲ್ಡನ್ ವೀಸಾ ಬಂದಿದೆ. ಅದೂ ಐದು ಹತ್ತು ವರ್ಷದ ವಾಯಿದೆ ಗೇಣಿ, ಮತ್ತು ವೆಲ್ಡರ್‌ಗಳನ್ನು ನೋಡಿ ಮಾಡಿದ್ದಲ್ಲ. ಮಾವ ಅರುವತ್ತಕ್ಕೆ ಎರಡು ಸೂಟ್‌ಕೇಸ್ ಹಿಡಿದು ಊರಿಗೆ ಬಂದರು. "ನಾನು ವೆಲ್ಡ್ ಮಾಡಿದ ಕಟ್ಟಡ ಅಲ್ಲೇ ಉಂಟು, ನಾನು ಮಾತ್ರ ಇಲ್ಲಿ" ಎನ್ನುತ್ತಾರೆ. ಬೇಸರದಲ್ಲಿ ಅಲ್ಲ, ಸುಮ್ಮನೆ.

ಅದೇ ಕಾಲದಲ್ಲಿ ಗುಡ್ಡದ ಮೇಲಿನ ಮಣಿಪಾಲದಿಂದ ಇನ್ನೊಂದು ದಾರಿ ಹೊರಟಿತ್ತು. ಅಲ್ಲಿ ಟಿ.ಎಂ.ಎ. ಪೈಗಳು 1953ರಲ್ಲಿ ಮೆಡಿಕಲ್ ಕಾಲೇಜು ತೆರೆದರು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಅಷ್ಟರಲ್ಲಿ ಪಶ್ಚಿಮದ ಬಾಗಿಲುಗಳು ತೆರೆದವು. 1946ರಿಂದ ಇಡೀ ಭಾರತಕ್ಕೆ ವರ್ಷಕ್ಕೆ ನೂರೇ ಜಾಗ ಇಟ್ಟಿದ್ದ ಅಮೆರಿಕ 1965ರಲ್ಲಿ ಆ ಪದ್ಧತಿ ಬಿಟ್ಟಿತು. ಕೆನಡಾ 1967ರಲ್ಲಿ ಅಂಕ ಪದ್ಧತಿ ತಂದಿತು. ನೂರಕ್ಕೆ ಐವತ್ತು ಬಂದರೆ ಪಾಸು. ಓದಿಗೆ 20, ಕೆಲಸದ ಬೇಡಿಕೆಗೆ 15, ವಯಸ್ಸಿಗೆ 10, ಭಾಷೆಗೆ 10... ಹೀಗೆ. ಇದರಲ್ಲಿ 15 ಅಂಕ ಅಧಿಕಾರಿಯ ಕೈಯಲ್ಲಿ. ಎದುರು ಕೂರಿಸಿ ಮಾತಾಡಿಸಿ, ಈ ಮನುಷ್ಯ ಹೊಂದಿಕೊಳ್ಳುತ್ತಾನೋ ಇಲ್ಲವೋ ಎಂದು ಅವರೇ ಕೊಡುವ ಅಂಕ. ಅಜ್ಜನ ಬೈಲು, ಮಜಲು, ಬೆಟ್ಟಿನ ಪರೀಕ್ಷೆ ನೆನಪಾಗುತ್ತದೆ. ಈಗ ಕೆನಡಾದಲ್ಲಿ 2015ರಿಂದ ಎಲ್ಲ ಆನ್‌ಲೈನ್, ಲೆಕ್ಕ 1200 ಅಂಕಗಳಿಗೆ. ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ದೇಶಕ್ಕೆ ಇಷ್ಟು ಶೇಕಡಾ ಎನ್ನುವ ಮಿತಿ ಇರುವುದರಿಂದ ನನ್ನ ಸೀನಿಯರ್‌ಗಳು ಹತ್ತು ವರ್ಷಕ್ಕೂ ಮೀರಿ ಸಾಲಿನಲ್ಲೇ ಇದ್ದಾರೆ. ಕೆಲಸ, ಮನೆ, ಮಕ್ಕಳು ಎಲ್ಲ ಅಲ್ಲೇ. ಕಾಗದ ಮಾತ್ರ ಚಾಲಗೇಣಿ.

ಜರ್ಮನಿಗೂ ಇದೆಲ್ಲ ಸುಲಭದಲ್ಲಿ ಬಂದದ್ದಲ್ಲ. 1955ರಿಂದ ಇಟಲಿ, ಟರ್ಕಿ ಮುಂತಾದ ಕಡೆಯಿಂದ ಕಾರ್ಖಾನೆಗಳಿಗೆ ಜನ ಕರೆಸಿಕೊಂಡಾಗ ಅವರಿಗೆ ಇಟ್ಟ ಹೆಸರೇ 'ಅತಿಥಿ ಕಾರ್ಮಿಕರು'. ಅತಿಥಿ ಎಂದರೆ ಊಟ ಮಾಡಿ ಹೊರಡಬೇಕಾದವನು ತಾನೇ? 1973ರಲ್ಲಿ ಕರೆಸುವುದನ್ನು ನಿಲ್ಲಿಸಿದರು, ಆದರೆ ಬಹಳ ಜನ ಹೊರಡಲಿಲ್ಲ, ಸಂಸಾರ ತಂದರು. 2000ರ ಆಗಸ್ಟಿನಲ್ಲಿ ಸಾಫ್ಟ್‌ವೇರ್ ಜನರಿಗೆ ಗ್ರೀನ್ ಕಾರ್ಡ್ ಎಂದು ಕರೆದದ್ದೂ ಐದು ವರ್ಷದ ವಾಯಿದೆ ಮೇಲೆ. ಭಾರತದವರನ್ನು ತರುವ ಬದಲು ನಮ್ಮ ಮಕ್ಕಳಿಗೇ ಕಲಿಸಿ ಎಂದು ಆಗ ಚುನಾವಣೆಯಲ್ಲಿ ಕೂಗೆದ್ದಿತ್ತು. ಈಗಿರುವ ಖಾಯಂ ವಾಸದ ಪರವಾನಗಿ 2005ರ ಕಾನೂನಿನದ್ದು, ಬ್ಲೂ ಕಾರ್ಡ್ 2012ರದ್ದು. 2023ರ ನವೆಂಬರಿನಿಂದ ಬ್ಲೂ ಕಾರ್ಡಿನವರಿಗೆ 27 ತಿಂಗಳು ಸಾಕು, ಭಾಷೆ ಇನ್ನಷ್ಟು ಬಂದರೆ 21. ಜೊತೆಗೆ ದೇಶದ ರೀತಿ ನೀತಿ ತಿಳಿದಿದೆ ಎಂದು ತೋರಿಸಲು 33 ಪ್ರಶ್ನೆಗಳ ಪರೀಕ್ಷೆ, 15 ಸರಿಯಾದರೆ ಪಿ.ಆರ್.ಗೆ ನಡೆಯುತ್ತದೆ. ಮಾವನಿಗೆ 28 ವರ್ಷದಲ್ಲಿ ಸಿಗದ್ದು ನನಗೆ ಮೂರು ವರ್ಷದೊಳಗೆ! ನಾನು ಮಾವನಿಗಿಂತ ಹೆಚ್ಚು ದುಡಿದೆನೇ? ಖಂಡಿತ ಇಲ್ಲ. ನಾನು ಹೋದ ದೇಶದಲ್ಲಿ ಕೇಳಲು ಒಂದು ಕಿಟಕಿ ಇತ್ತು, ನನ್ನ ಕೆಲಸ ಪಟ್ಟಿಯಲ್ಲಿತ್ತು. ಅಷ್ಟೇ.

ಕಚೇರಿಯಲ್ಲಿ ಆ ಹೆಂಗಸು ಫೈಲು ತಿರುವಿ ಹಾಕಿ, ಒಂದೆರಡು ಕಾಗದ ಮಾತ್ರ ನೋಡಿ, "ಎರಡೂ ತೋರುಬೆರಳು ಇಲ್ಲಿಡಿ" ಅಂದರು. ಗಾಜಿನ ಮೇಲೆ ಇಟ್ಟೆ. ಹಸಿರು ದೀಪ ಬಂತು. ಇಂಕು ಇಲ್ಲ, ಒರೆಸಿಕೊಳ್ಳುವುದೂ ಇಲ್ಲ. ಅಜ್ಜನ ಹೆಬ್ಬೆಟ್ಟಿನಿಂದ ನನ್ನ ತೋರುಬೆರಳಿಗೆ ಐವತ್ತು ವರ್ಷ. ನಡುವೆ ಓದು, ಸಹಿ, ಪಾಸ್‌ವರ್ಡು ಎಲ್ಲ ಬಂದರೂ ಕೊನೆಗೆ ಕೇಳುವುದು ಬೆರಳನ್ನೇ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಹಾಗಾದರೆ ಇಲ್ಲಿ ಡಿಕ್ಲರೇಶನ್ ಆದ ಗದ್ದೆ ಎಂತ ಮಾಡುವುದು?"

ಬೈಲಿನಲ್ಲಿ ಈಗ ಎರಡು ಕಂಡ ಮಾತ್ರ ಬೇಸಾಯ. ಮಜಲು ಆರು ವರ್ಷದಿಂದ ಹಡಿಲು ಬಿದ್ದಿದೆ. ನೆಡಲು ಜನವಿಲ್ಲ. ನೇಜಿ ನೆಡುತ್ತಿದ್ದವರ ಮಕ್ಕಳೂ ಬೆಂಗಳೂರು, ಮಸ್ಕತ್ ಎಂದು ಹೋಗಿದ್ದಾರೆ. ಅವರೂ ಯಾವುದೋ ಕಿಟಕಿಯ ಮುಂದೆ ಫೈಲು ಹಿಡಿದು ನಿಂತಿರಬಹುದು. ಮೂರು ಸಲ ನಡೆದುಹೋಗಿ ಖಾಯಂ ಮಾಡಿಕೊಂಡ ಭೂಮಿ ಅಲ್ಲಿ ಖಾಲಿ ಇದೆ. ನಾನು ಇಲ್ಲಿ ಬಾಡಿಗೆ ಮನೆಯಲ್ಲಿ ಕೂತು ಖಾಯಂ ಆಗುವುದನ್ನು ಕಾಯುತ್ತಿದ್ದೇನೆ.

"ಮುಂದಿನ ಏಣೆಲಿಗೆ ಬರುತ್ತೇನೆ ಅಜ್ಜಿ, ನೋಡುವ" ಅಂದೆ.

"ಬಾ. ಧಣಿಗಳ ಹಾಗೆ ಹುಣಿಯಲ್ಲಿ ನಿಂತು ನೋಡಿ ಹೋಗಬೇಡ" ಅಂದರು.

ಕಾರ್ಡು ಅಂಚೆಯಲ್ಲಿ ಬರಲು ಆರೇಳು ವಾರ ಆಗುತ್ತದಂತೆ. ರಜೆಗೆ ಇವತ್ತೇ ಅರ್ಜಿ ಹಾಕಿದ್ದೇನೆ.